ದುಡಿಯದ ಗಾಡಿ

ಆ ಗಾಡಿ ಕೊಳ್ಳುತ್ತೇನೆ ಎಂದಾಗ ಹೂಂ ಎಂದವರು ಇಬ್ಬರೇ. ಒಬ್ಬಳು ನನ್ನ ಮಗಳು. ಇನ್ನೊಬ್ಬಳು ಮುಂಬಯಿ ಹತ್ತಿರ ಕಲ್ಯಾಣದಾಚೆಯ ಹಳ್ಳಿಯಲ್ಲಿರುವ ನನ್ನ ಹಳೆಯ ಗೆಳತಿ. ಅವಳಿಗಂತೂ ನಾನು ಕೊಳ್ಳಹೊರಟಿದ್ದು ಏನೆಂಬುದೇ ಸರಿಯಾಗಿ ತಿಳಿದಿರಲಿಲ್ಲ. ಬಾಯಿಬಿಟ್ಟ ಮಿಕ್ಕವರೆಲ್ಲ, ಗಂಡನ ಅಣ್ಣನಿಂದ ಹಿಡಿದು ನನ್ನ ಜೊತೆ ರೊಟ್ಟಿ ಬಡಿಯುವ ಹೆಂಗಸರವರೆಗೆ, ಕೇಳಿದ್ದು ಒಂದೇ ಮಾತು: ಅದು ಯಾತಕ್ಕೆ ಬರುತ್ತದೆ?

ಕೇಳುವುದರಲ್ಲಿ ತಪ್ಪಿರಲಿಲ್ಲ. ಅದು ಡಾಂಬರು ರಸ್ತೆಯ ಮೇಲೆ ಓಡುವಂತಿಲ್ಲ; ಅದಕ್ಕೆ ನಂಬರು ಸಿಗುವುದಿಲ್ಲ. ಬಾಗಿಲಿಲ್ಲ, ಗಾಜಿಲ್ಲ. ನಾಲ್ಕು ದಪ್ಪ ಹಲ್ಲಿನ ಟೈರು, ಅಕ್ಕಪಕ್ಕ ಎರಡು ಸೀಟು, ಮಗುಚಿ ಬಿದ್ದರೆ ತಲೆ ಉಳಿಯಲೆಂದು ಮೇಲೊಂದು ಕಬ್ಬಿಣದ ಪಂಜರ. ಹಿಂದೆ ಒಂದೆರಡು ಚೀಲ ಹಿಡಿಸುವಷ್ಟು ತೊಟ್ಟಿ. ಕಲ್ಲು, ದಿಬ್ಬ, ಹಳ್ಳ, ಗುಡ್ಡ, ಎಲ್ಲಿ ರಸ್ತೆ ಮುಗಿಯುತ್ತದೋ ಅಲ್ಲಿಂದ ಅದರ ಓಡಾಟ. ಇಂಗ್ಲಿಷಿನಲ್ಲಿ ಇದಕ್ಕೆ ‘ಸೈಡ್ ಬೈ ಸೈಡ್’ ಅನ್ನುತ್ತಾರೆ ಎಂದು ಮಗಳು ಫೋನು ನೋಡಿ ಹೇಳಿದಳು. ಅಂದರೆ ಇಬ್ಬರು ಸರಿಸಮ ಕೂತು ಹೋಗುವ ಗಾಡಿ. ಇಷ್ಟು ವರ್ಷ ಸ್ಕೂಟರಿನಲ್ಲಿ ಗಂಡನ ಬೆನ್ನು ನೋಡುತ್ತ ಕೂತವಳಿಗೆ ಮೊದಲು ಆ ಹೆಸರೇ ಹಿಡಿಸಿತು.

ನಾನು ವಿಜಯಪುರ ಜಿಲ್ಲೆಯವಳು. ಹತ್ತನೆಯ ಇಯತ್ತೆ ಮುಗಿದ ವರ್ಷವೇ ಮದುವೆಯಾಗಿ ಮುಂಬಯಿ ಬದಿಯ ಕಳವಾಕ್ಕೆ ಬಂದೆ. ಗುಡ್ಡದ ಮಗ್ಗುಲಿಗೆ ಅಂಟಿಸಿಟ್ಟಂತಿದ್ದ ಒಂದು ಖೋಲಿ ನಮ್ಮದು. ನಲ್ಲಿ ಕೆಳಗೆ, ಮನೆ ಮೇಲೆ. ನಡುವೆ ತೊಂಬತ್ತು ಚಿಲ್ಲರೆ ಮೆಟ್ಟಿಲು. ದಿನಕ್ಕೆ ಆರು ಸಲ ಕೊಡ ಹೊತ್ತು ಹತ್ತುತ್ತಿದ್ದೆ. ನಮ್ಮವರು, ಅಂದರೆ ನನ್ನ ಗಂಡ, ಒಬ್ಬ ಗುತ್ತಿಗೆದಾರನ ಬಳಿ ರೋಡ್ ರೋಲರ್ ನಡೆಸುತ್ತಿದ್ದರು. ಘೋಡಬಂದರ್ ರಸ್ತೆಯ ಒಳಗಿನ ಹಾದಿಗಳಿಗೆ ಡಾಂಬರು ಹಾಕುವಾಗ ಅವರು ರೋಲರಿನ ಮೇಲೆ, ನಾನು ಅದರ ಮುಂದೆ ಜಲ್ಲಿಖಡಿ ಹರವುತ್ತ ಕೆಳಗೆ. ಆಮೇಲೆ ಅದೇ ಹಾದಿಗಳ ಬದಿಯಲ್ಲಿ ಕಟ್ಟಡಗಳು ಎದ್ದವು. ಅಲ್ಲಿ ಉಸುಕಿನ ಬುಟ್ಟಿ ಹೊತ್ತು ಹಲಗೆಯ ಮೇಲಿಂದ ಮೂರು, ನಾಲ್ಕನೆಯ ಮಾಳಿಗೆಗೆ ಏರುವ ಕೆಲಸ. ನಮ್ಮ ಟೋಳಿಯಲ್ಲಿ ನನ್ನ ಹಿಂದಿನವಳೇ ಆ ಮರಾಠಿ ಗೆಳತಿ. ಹಲಗೆ ಅಲುಗಿದರೆ ಅವಳು ಹಿಂದಿನಿಂದ ಮೆಲ್ಲಗೆ ಹೇಳುತ್ತಿದ್ದಳು, ಕೆಳಗೆ ನೋಡಬೇಡ ಎಂದು.

ಮೊಣಕಾಲು ಕೈಕೊಟ್ಟ ಮೇಲೆ ಹೊರೆ ಬಿಟ್ಟು ಜೋಳದ ರೊಟ್ಟಿಗೆ ಕೂತೆ. ಮೊದಲು ನಮ್ಮ ಕಡೆಯ ಕೂಲಿಗಳಿಗೆ, ಆಮೇಲೆ ಅಂಗಡಿಗಳಿಗೆ, ಈಗ ಎರಡು ಕ್ಯಾಂಟೀನಿಗೆ. ಕೋಪರಖೈರಣೆಯಲ್ಲಿ ಬಾಡಿಗೆಯ ಒಂದು ಗಾಳೆ, ಅಂದರೆ ಅಂಗಡಿಯಷ್ಟು ಜಾಗ ಇದೆ, ನಾಲ್ಕು ಹೆಂಗಸರಿದ್ದಾರೆ. ಖಡಕ್ ರೊಟ್ಟಿಯನ್ನು ಪಾಕೀಟು ಮಾಡಿ ಮಾರುತ್ತೇವೆ. ಗುಡ್ಡದ ಖೋಲಿ ಬಿಟ್ಟು ಕಳವಾದಲ್ಲೇ ಲಿಫ್ಟು ಇರುವ ಕಟ್ಟಡಕ್ಕೆ ಬಂದಿದ್ದೇವೆ. ಇಷ್ಟನ್ನು ಹೇಳುವುದು ಏಕೆಂದರೆ ಗಾಡಿಗೆ ಹಾಕಿದ ದುಡ್ಡು ರೊಟ್ಟಿಯದು. ಯಾರ ಪಾಲಿನದ್ದೂ ಅಲ್ಲ.

ಆಸೆ ಹುಟ್ಟಿದ್ದು ಹೀಗೆ. ಮಗಳಿಗೆ ನೌಕರಿ ಸಿಕ್ಕ ಮೊದಲ ವರ್ಷ ಅವಳು ನಮ್ಮಿಬ್ಬರನ್ನು ಬಾಡಿಗೆ ಕಾರಿನಲ್ಲಿ ಕಲ್ಯಾಣ ದಾಟಿ ಒಂದು ರೆಸಾರ್ಟಿಗೆ ಕರೆದುಕೊಂಡು ಹೋದಳು. ಹಗ್ಗದ ಸೇತುವೆ, ಈಜುಕೊಳ, ಆಟದ ಗಾಡಿಗಳು ಎಲ್ಲ ಇದ್ದ ಜಾಗ. ಗೇಟಿನಲ್ಲಿದ್ದ ಕಾವಲುಗಾರ ನಮ್ಮವರ ಬಿಳಿ ಅಂಗಿ ನೋಡಿ, ಡ್ರೈವರುಗಳು ಆ ಕಡೆ ಶೆಡ್ಡಿನಲ್ಲಿ ಕೂಡಬೇಕು ಎಂದ. ನಮ್ಮವರು ನಕ್ಕು ಅತ್ತ ಹೊರಟೇಬಿಟ್ಟಿದ್ದರು. ಮಗಳು ಕೈ ಹಿಡಿದು ಎಳೆದು ತಂದು ಅವನೆದುರು ನಿಲ್ಲಿಸಿ, ಇವರ ಹೆಸರಿನಲ್ಲೇ ಬುಕಿಂಗ್ ಇದೆ, ಓದಿಕೋ ಎಂದಳು. ಒಳಗೆ ಹೋದ ಮೇಲೂ ನನಗೆ ಆ ಕಾವಲುಗಾರನ ಮುಖವೇ ಕಣ್ಣಮುಂದೆ. ಅಂಥ ಉರಿಯಲ್ಲಿದ್ದಾಗಲೇ ಮಗಳು ನನ್ನನ್ನು ಅಂಥದೇ ಎರಡು ಸೀಟಿನ ಗಾಡಿಯಲ್ಲಿ ಕೂರಿಸಿ ಪಟ್ಟಿ ಬಿಗಿದಳು. ಓಡಿಸುವವ ರೆಸಾರ್ಟಿನ ಹುಡುಗ.

ಮೊದಲು ಬಯಲಿನಲ್ಲಿ ಎರಡು ಸುತ್ತು. ಆಮೇಲೆ ಅವನು ಗುಡ್ಡದ ಕಡೆ ತಿರುಗಿಸಿದ. ಗಾಡಿಯ ಮೂತಿ ಮೇಲಕ್ಕೆದ್ದ ಕೂಡಲೇ ನನ್ನ ಬಲಗೈ ತಾನಾಗಿ ಎದ್ದು ತಲೆಯ ಮೇಲೆ ಹೋಯಿತು. ಬುಟ್ಟಿ ಹಿಡಿಯಲಿಕ್ಕೆ. ಬುಟ್ಟಿ ಇರಲಿಲ್ಲ. ಕಾಲು ಬಿಗಿದು ಏರಿಗೆ ತಯಾರಾಗಿದ್ದವು, ಅವಕ್ಕೂ ಕೆಲಸವಿರಲಿಲ್ಲ. ಕೂತ ಸೀಟೇ ನನ್ನನ್ನು ಹೊತ್ತುಕೊಂಡು ಹತ್ತುತ್ತಿತ್ತು. ಮೇಲೆ ತಲುಪಿದಾಗ ನಾನು ಉಸಿರು ಬಿಡುತ್ತಿದ್ದ ರೀತಿ ನೋಡಿ ಹುಡುಗ, ಆಂಟಿ ಹೆದರಿದಿರಾ ಎಂದು ಹಿಂದಿಯಲ್ಲಿ ಕೇಳಿದ. ಇನ್ನೊಮ್ಮೆ ಹತ್ತಿಸು ಎಂದೆ. ಆವತ್ತು ಮೂರು ಸಲ ಟಿಕೇಟು ತೆಗೆಸಿದೆ. ಮೂರನೆಯ ಸಲ ಕೆಳಗಿಳಿದಾಗ ಕಾವಲುಗಾರನ ಮೇಲಿನ ಸಿಟ್ಟು ಹೋಗಿತ್ತು. ಬದಲಿಗೆ ಬೇರೊಂದು ಹಟ ಕೂತಿತ್ತು.

ಆರೇಳು ತಿಂಗಳ ಮೇಲೆ ಮಗಳೇ ಫೋನಿನಲ್ಲಿ ತೋರಿಸಿದಳು. ಆ ಭಾಗದ ಇನ್ನೊಂದು ರೆಸಾರ್ಟು ಮುಚ್ಚುತ್ತಿದೆ, ಹಳೆಯ ಗಾಡಿಗಳನ್ನು ಮಾರುತ್ತಿದ್ದಾರೆ. ಕೆಂಪು ಬಣ್ಣದ್ದೊಂದು, ಅಂಥದ್ದೇ ಎರಡು ಸೀಟಿನದ್ದು. ಅವಳು ತಮಾಷೆಗೆ ತೋರಿಸಿದ್ದಳು. ನಾನು, ಅವರಿಗೆ ಫೋನು ಹಚ್ಚು ಎಂದೆ.

ಸುದ್ದಿ ಡೊಂಬಿವಲಿ ತಲುಪಲು ಎರಡು ದಿನ ಸಾಕಾಯಿತು. ಭಾನುವಾರ ಅಲ್ಲಿಂದ ಭಾವ, ಅಂದರೆ ನಮ್ಮವರ ಅಣ್ಣ, ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದರು. ಭಾವ ಮುಂಬಯಿಗೆ ಮೊದಲು ಬಂದವರು. ನಮ್ಮವರಿಗೆ ಕೆಲಸ ಕೊಡಿಸಿದವರು ಅವರೇ, ನಮ್ಮ ಖೋಲಿ ಗೊತ್ತುಮಾಡಿದವರೂ ಅವರೇ. ಆ ಋಣವನ್ನು ನಾನು ಮರೆತವಳಲ್ಲ. ಅವರೂ ಮರೆಯಲು ಬಿಟ್ಟವರಲ್ಲ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಶುರುಮಾಡಿದರು.

“ದುಡ್ಡು ನಿಂದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅಷ್ಟು ದುಡ್ಡಿನಾಗ ಒಂದ ಹಳೀ ಟೆಂಪೊ ಬರ್ತೈತಿ. ನಿನ್ನ ರೊಟ್ಟಿ ಒಯ್ಯಾಕರ ಆಕ್ಕೈತಿ. ಈ ಗಾಡಿ ಏನ್ ದುಡಿತೈತಿ ಹೇಳು?”

“ಏನೂ ದುಡಿಯಂಗಿಲ್ಲ ಭಾವಾರ.”

“ಮತ್ತ ಯಾತಕ್ಕ ಬೇಕು?”

“ಆಡಾಕ.”

ಆ ಮಾತು ಕೋಣೆಯಲ್ಲಿ ಬಿದ್ದಾಗ ನನಗೇ ಒಂದು ಕ್ಷಣ ನಾಚಿಕೆಯಾಯಿತು. ನಲವತ್ತೇಳು ವರ್ಷದ ಹೆಂಗಸು, ಕೈಯೆಲ್ಲ ಹಂಚು ಸುಟ್ಟ ಕಲೆ, ಗಂಡನ ಅಣ್ಣನ ಎದುರು ಕೂತು ಆಡಲಿಕ್ಕೆ ಎಂದದ್ದು. ಆದರೆ ಬಾಯಿಂದ ಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಭಾವ ಬಹಳ ಹೊತ್ತು ಮಾತಾಡಿದರು. ದೊಡ್ಡವರು ಕಾರು ಕೊಳ್ಳುತ್ತಾರೆ, ಬಂಗಾರ ಕೊಳ್ಳುತ್ತಾರೆ, ಊರಲ್ಲಿ ಹೊಲ ಹಿಡಿಯುತ್ತಾರೆ; ರೊಟ್ಟಿ ಬಡಿದು ಗಳಿಸಿದ್ದನ್ನು ಗುಡ್ಡಕ್ಕೆ ಚೆಲ್ಲುವವರನ್ನು ತಾನು ಕಂಡಿಲ್ಲ ಎಂದರು. ಕೊನೆಗೆ ಮಗಳ ಲಗ್ನದ ಮಾತು ತೆಗೆದರು. ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅಡುಗೆಮನೆಯಿಂದಲೇ, “ಮಲಾ ಕೋಣೀ ವಿಚಾರಲಂ ಕಾ?” ಎಂದಳು. ನನ್ನನ್ನು ಯಾರಾದರೂ ಕೇಳಿದಿರಾ ಎಂದು. ಭಾವ ಚಪ್ಪಲಿ ಮೆಟ್ಟಿಕೊಂಡರು.

ಅಷ್ಟು ಹೊತ್ತೂ ಅವರ ಹೆಂಡತಿ, ನನ್ನ ನೆಗೆಣ್ಣಿ, ಬಟ್ಟಲಿನೊಳಗೆ ನೋಡುತ್ತ ಕೂತಿದ್ದಳು. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡನ ಮಾತಿನ ನಡುವೆ ಬಾಯಿ ಹಾಕಿದ್ದನ್ನು ನಾನು ಕಂಡವಳಲ್ಲ. ಲಿಫ್ಟಿಗಾಗಿ ನಿಂತಾಗ ನನ್ನ ಪಕ್ಕಕ್ಕೆ ಸರಿದು ಕೇಳಿದಳು: “ಹಿಡಕೊಳ್ಳಾಕ ಏನರ ಇರ್ತೈತೇನು?” ಮುಂದೊಂದು ಕಬ್ಬಿಣದ ಹಿಡಿಕೆ ಇರುತ್ತದೆ ಎಂದೆ. ತಲೆಯಾಡಿಸಿ ಲಿಫ್ಟು ಹತ್ತಿದಳು.

ನಮ್ಮವರು ಮೂರು ದಿನ ಏನೂ ಹೇಳಲಿಲ್ಲ. ಅವರು ಬೇಡ ಅನ್ನುವವರಲ್ಲ, ಸುಮ್ಮನಾಗುವವರು. ಅಣ್ಣನನ್ನು ಎದುರುಹಾಕಿಕೊಳ್ಳುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಆದರೂ ನಾನು ಮಾತು ಹಿಂತೆಗೆದುಕೊಳ್ಳಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ತಾವಾಗಿಯೇ, “ಹಳೀ ಗಾಡಿ ತಳಾ ನೋಡದ ತೊಗೋಬಾರ್ದು,” ಎಂದರು. ಅಷ್ಟೇ. ಆ ಶನಿವಾರ ನಾವಿಬ್ಬರೂ ಹೊರಟೆವು.

ರೆಸಾರ್ಟು ಅರ್ಧ ಖಾಲಿಯಾಗಿತ್ತು. ಈಜುಕೊಳದಲ್ಲಿ ಎಲೆ ತುಂಬಿದ್ದವು. ಮ್ಯಾನೇಜರ್ ತೆಳ್ಳಗಿನ ಮನುಷ್ಯ, ಮಾತು ಚುರುಕು. ನಮಸ್ಕಾರ ಹೇಳಿದ್ದು ನಮ್ಮವರಿಗೆ, ಕುರ್ಚಿ ಹಾಕಿಸಿದ್ದು ನಮ್ಮವರಿಗೆ. ಗಾಡಿ ಬಹಳ ಕಡಿಮೆ ಓಡಿದೆ, ಬರೀ ಶನಿವಾರ ಭಾನುವಾರ, ಅದೂ ಮೆಲ್ಲಗೆ ಎಂದು ಹಿಂದಿಯಲ್ಲಿ ಹೇಳುತ್ತ ಹೋದ. ಗಾಡಿಗಳಿಗೆ ಓಡಿದ ತಾಸು ತೋರಿಸುವ ಮೀಟರ್ ಇರುತ್ತದೆ. ಅದರ ಅಂಕಿ ನಿಜಕ್ಕೂ ಸಣ್ಣದಿತ್ತು. ನಮ್ಮವರು ಮೀಟರ್ ನೋಡಲೇ ಇಲ್ಲ. ಬಗ್ಗಿ ಪೆಡಲ್ ನೋಡಿದರು. ಬ್ರೇಕಿನ ಮೇಲಿನ ರಬ್ಬರು ಸವೆದು ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಮೀಟರ್ ಬದಲೀ ಆಗೈತಿ,” ಎಂದರು.

ಆಮೇಲೆ ತಂದಿದ್ದ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಸರಿದರು. ಬ್ಯಾಟರಿ ಬೆಳಕು ಅತ್ತಿತ್ತ ಆಡುವುದಷ್ಟೇ ಕಾಣುತ್ತಿತ್ತು. ಕಾಲು ತಾಸು ಕಳೆದು ಹೊರಬಂದಾಗ ಅವರ ಬೆರಳಿಗೆ ತುಕ್ಕಿನ ಪುಡಿ ಹತ್ತಿತ್ತು. ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಒಂದು ಕಡೆ ಬಿರುಕು ಬಿಟ್ಟು, ಅದಕ್ಕೆ ವೆಲ್ಡಿಂಗ್ ಮಾಡಿ, ಮೇಲೆ ಬಣ್ಣ ಬಳಿದಿದ್ದರು. ಮುಂದಿನ ಎಡಗಾಲಿಯ ತೋಳು ಸೊಟ್ಟಗಾಗಿತ್ತು. ಇಷ್ಟನ್ನು ಅವರು ನನಗೆ ಹೇಳಿದರು, ನಾನು ಮ್ಯಾನೇಜರ್‌ಗೆ ಹೇಳಿದೆ. ಅವನು ನನ್ನ ಮಾತಿಗೆ ಉತ್ತರವನ್ನು ನಮ್ಮವರಿಗೆ ಕೊಟ್ಟ. ಮತ್ತೆ ಕೇಳಿದೆ, ಮತ್ತೆ ಹಾಗೆಯೇ. ಆಗ ನಮ್ಮವರು ಕೈ ಒರೆಸಿಕೊಳ್ಳುತ್ತ ತಮ್ಮ ಮುರುಕು ಹಿಂದಿಯಲ್ಲಿ ಅಂದರು: ನಾನು ಮೆಕ್ಯಾನಿಕ್, ಮಾಲಕರು ಇವರು.

ನಮ್ಮವರ ಬಾಯಲ್ಲಿ ಆ ಮಾತು ಬಂದದ್ದು ನನಗೆ ಗಾಡಿಗಿಂತ ಹೆಚ್ಚಾಯಿತು. ಅದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಗುಡ್ಡ ಹತ್ತಿಸಿ ನೋಡಬೇಕು ಎಂದೆ. ಮ್ಯಾನೇಜರ್ ಬಯಲಲ್ಲಿ ನೋಡಿ ಸಾಕು ಎಂದ. ಬಯಲಲ್ಲಿ ಓಡಿಸಲು ನನಗೆ ಗಾಡಿ ಬೇಕಿಲ್ಲ ಎಂದೆ. ಕೊನೆಗೆ ಒಪ್ಪಿದ. ನಮ್ಮವರು ಸ್ಟೀರಿಂಗ್ ಹಿಡಿದರು, ನಾನು ಪಕ್ಕಕ್ಕೆ ಕೂತೆ. ಅರ್ಧ ಏರುವವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಇಂಜಿನ್ನಿನ ಕೂಗು ಮಾತ್ರ ಏರುತ್ತಿದೆ, ಗಾಡಿ ನಿಂತಲ್ಲೇ ನಿಂತಿದೆ. ಸುಟ್ಟ ರಬ್ಬರಿನ ವಾಸನೆ ಬಂತು. ಗಾಲಿಗೆ ಶಕ್ತಿ ಮುಟ್ಟಿಸುವ ಬೆಲ್ಟು ಸವೆದು ಜಾರುತ್ತಿತ್ತು. ಗಾಡಿ ಒಂದು ಮಾರು ಹಿಂದಕ್ಕೆ ಉರುಳಿತು, ನಮ್ಮವರು ಬ್ರೇಕಿನ ಮೇಲೆ ನಿಂತೇಬಿಟ್ಟರು. ಮೆಲ್ಲಗೆ, ಹಿಮ್ಮುಖವಾಗಿಯೇ, ಅಂಗುಲ ಅಂಗುಲ ಇಳಿಸಿದರು. ಇಪ್ಪತ್ತು ವರ್ಷ ರೋಲರ್ ನಡೆಸಿದವರಿಗೆ ಆ ತಾಳ್ಮೆ ಇತ್ತು.

ಕೆಳಗೆ ಬಂದ ಮೇಲೆ ನಾನು ಲೆಕ್ಕ ಬಹಳ ಹೇಳಲಿಲ್ಲ. ಬೆಲ್ಟು ಹೊಸದಾಗಬೇಕು, ತೋಳು ಬದಲಾಗಬೇಕು, ಬಣ್ಣ ಕೆರೆದು ನಮ್ಮ ಕಣ್ಣೆದುರು ವೆಲ್ಡಿಂಗ್ ಆಗಬೇಕು, ಬೆಲೆ ಇಳಿಯಬೇಕು, ಚಾಸಿ ನಂಬರು ಬರೆದ ರಸೀದಿ ನನ್ನ ಹೆಸರಿಗೆ ಬೇಕು ಎಂದೆ. ಮ್ಯಾನೇಜರ್ ನಕ್ಕ. ಇದು ಶೋಕಿಯ ಗಾಡಿ, ಇದನ್ನು ಕೊಳ್ಳುವವರು ಹೀಗೆಲ್ಲ ಕೇಳುವುದಿಲ್ಲ, ನಿಮ್ಮಂಥವರಿಗೆ ಇದು ಆಗಿಬರುವುದಿಲ್ಲ ಎಂದ. ಅವನು ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ, ಬುದ್ಧಿಮಾತಿನಂತೆ ಹೇಳಿದ. ಅದು ಇನ್ನೂ ಚುಚ್ಚಿತು. ಚೀಲದಿಂದ ಒಂದು ರೊಟ್ಟಿ ಪಾಕೀಟು ತೆಗೆದು ಅವನ ಮೇಜಿನ ಮೇಲಿಟ್ಟೆ.

“ಇದರ ಮೇಲೆ ನನ್ನ ನಂಬರಿದೆ,” ಎಂದು ಹಿಂದಿಯಲ್ಲಿ ಹೇಳಿದೆ. “ಗಾಡಿ ಸರಿಮಾಡಿದ ದಿನ ಫೋನು ಮಾಡು. ನನಗೆ ಮಾಡು, ಇವರಿಗಲ್ಲ.”

ಹೊರಗೆ ಹೈವೇವರೆಗೆ ಎರಡು ಮೈಲು ನಡೆದೆವು. ಬಿಸಿಲಿತ್ತು. ನಮ್ಮವರು ದಾರಿಯಲ್ಲಿ, ಬೇರೆಯವರು ಕೊಂಡುಬಿಟ್ಟರೆ ಎಂದರು. ಕೊಳ್ಳಲಿ, ಗುಡ್ಡದ ನಡುವೆ ನಿಂತಾಗ ಅವರಿಗೇ ಗೊತ್ತಾಗುತ್ತದೆ ಎಂದೆ. ಹೇಳಿದೆನಾದರೂ ಆ ವಾರವೆಲ್ಲ ಫೋನು ಸದ್ದು ಮಾಡಿದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಓಡಿ ನೋಡಿದೆ.

ಒಂಬತ್ತನೆಯ ದಿನ ಬಂತು, ಅದೂ ದಾರಿ ಕೇಳಲು ಬಳಸಿದ್ದ ನಮ್ಮವರ ಫೋನಿಗೆ. ಅಷ್ಟು ಹೇಳಿದರೂ ಅವನಿಗೆ ನನ್ನ ಜೊತೆ ಮಾತಾಡಲು ಮನಸ್ಸಿರಲಿಲ್ಲ. ನಮ್ಮವರು ಒಂದೇ ಮಾತು ಹೇಳಿ ಫೋನು ಇಟ್ಟರು: ನಂಬರು ರೊಟ್ಟಿ ಪಾಕೀಟಿನ ಮೇಲಿದೆ. ಎರಡು ನಿಮಿಷ ಬಿಟ್ಟು ನನ್ನ ಫೋನು ಸದ್ದು ಮಾಡಿತು. ಅವನು ‘ಮೇಡಂ’ ಎಂದ. ಬೆಲೆಯನ್ನು ಮಾತ್ರ ನಾನು ಇಳಿಸು ಎಂದದ್ದರ ಅರ್ಧದಷ್ಟೇ ಇಳಿಸಿದ, ಉಳಿದದ್ದೆಲ್ಲ ಮಾಡಿಕೊಟ್ಟ. ವೆಲ್ಡಿಂಗ್ ಆಗುವಾಗ ನಾನು ಎದುರಿಗೇ ನಿಂತಿದ್ದೆ.

ಇಡುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಇತ್ತು. ಮುರಬಾಡ ರಸ್ತೆಯಿಂದ ಒಳಗೆ ನನ್ನ ಗೆಳತಿಯ ಮನೆ. ಕೂಲಿ ಬಿಟ್ಟು ಅವಳು ಊರಿಗೇ ಮರಳಿದ್ದಳು. ಮನೆಯ ಹಿಂದೆ ಅವರದೇ ಬರಡು ಮಾಳ, ಅದರ ಮೇಲೆ ಹುಲ್ಲಿನ ಗುಡ್ಡ. ಏನೂ ಬೆಳೆಯುವುದಿಲ್ಲ, ಮಳೆಗಾಲದಲ್ಲಿ ದನ ಮೇಯುತ್ತವೆ ಅಷ್ಟೇ. ಟೆಂಪೊದಿಂದ ಎರಡು ಹಲಗೆ ಹಾಕಿ ಗಾಡಿ ಇಳಿಸಿದಾಗ ಅವಳು ಸೆರಗಿನಿಂದ ಅದರ ಸೀಟು ಒರೆಸಿ, ಮಗುವಿನ ಕೆನ್ನೆ ತಟ್ಟುವಂತೆ ಟೈರು ತಟ್ಟಿದಳು. ಅವರ ಬಾವಿ ಮಾಳದ ಕೆಳಗಿದೆ. ನಾನು ಹುರುಪಿನಲ್ಲಿ, ಹಿಂದೆ ತೊಟ್ಟಿ ಇದೆಯಲ್ಲ, ಇನ್ನು ನಿನ್ನ ನೀರಿನ ಹಂಡೆ ಇದೇ ಹೊರುತ್ತದೆ ಎಂದೆ. ಅವಳು ಆಗಲೇ ಸೀಟು ಹತ್ತಿ ಕೂತಿದ್ದಳು.

“ಹಂಡಾ ನಂತರ್,” ಎಂದಳು. “ಆಧೀ ಮೀ.”

ಹಂಡೆ ಆಮೇಲೆ, ಮೊದಲು ನಾನು. ನಮ್ಮವರು ಅವಳನ್ನು ಮಾಳದ ಸುತ್ತ ಸುತ್ತಿಸಿದರು. ನಾನೂ ಅವಳ ಸೊಸೆಯಂದಿರೂ ನೋಡುತ್ತ ನಿಂತೆವು. ಅವಳು ಕಣ್ಣು ಮುಚ್ಚಲಿಲ್ಲ, ಚೀರಲಿಲ್ಲ, ಮದುವೆಯ ಮೆರವಣಿಗೆಯಲ್ಲಿ ಹೋಗುವವಳ ಹಾಗೆ ನೆಟ್ಟಗೆ ಕೂತಿದ್ದಳು.

ಭಾವ ಹೊಸ ಸಲಹೆ ಕಳಿಸಿದರು. ಭಾನುವಾರ ಆ ಕಡೆ ಮುಂಬಯಿಯ ಜನ ಬರುತ್ತಾರಂತೆ. ತಲೆಗೆ ಇಷ್ಟು ಎಂದು ಸುತ್ತು ಹೊಡೆಸಿದರೆ ಹಾಕಿದ್ದು ವಾಪಸು ಬರುತ್ತದಂತೆ. ಈ ಮಾತು ನಮ್ಮವರ ತಲೆಗೂ ಹತ್ತಿತು. ಬೋರ್ಡು ಬರೆಸುವ ಮಾತಾಡಿದರು. ಗಾಡಿಯ ವಿಷಯದಲ್ಲಿ ನಾವು ಜಗಳಾಡಿದ್ದು ಅದೊಂದೇ ಸಲ. ಅವರು ಅಂದದ್ದು ತಪ್ಪಲ್ಲ; ನಿಂತ ಯಂತ್ರ ತುಕ್ಕು ಹಿಡಿಯುತ್ತದೆ, ದುಡಿಯುವ ಯಂತ್ರಕ್ಕೆ ಎಣ್ಣೆ ಸಿಗುತ್ತದೆ ಎಂದು ಕಲಿತವರು ಅವರು. ನನಗೆ ಮಾತ್ರ ತಡೆಯಲಿಲ್ಲ.

“ನೀವು ದುಡದ್ರಿ, ನಾ ದುಡದೆ. ಮಗಳೂ ದುಡ್ಯಾಕತ್ತಾಳ,” ಎಂದೆ. “ಮನ್ಯಾಗ ಒಂದ ಸಾಮಾನರ ದುಡಿಲಾರದ್ದು ಇರ್ಲಿ.”

ಅವರು ಎರಡೂ ಕೈ ಮೊಣಕಾಲ ಮೇಲೆ ಊರಿ ಎದ್ದರು. ಆಮೇಲೆ, “ಇರ್ಲಿ ಬಿಡು,” ಎಂದರು. ಬೋರ್ಡಿನ ಮಾತು ಅಲ್ಲಿಗೆ ನಿಂತಿತು.

ಓಡಿಸಲು ಕಲಿಸಿದವರೂ ಅವರೇ. ಬೇರೆ ಬೇರೆ ಗೇರು ಹಾಕುವ ಗೋಜಿಲ್ಲ. ಮುಂದಕ್ಕೊಂದು, ಹಿಂದಕ್ಕೊಂದು, ಏರಿಗೊಂದು. ಆದರೆ ಅವರ ಪಾಠ ರೋಲರಿನ ಪಾಠ. ಸಾವಕಾಶ, ಸಾವಕಾಶ ಎಂಬುದನ್ನು ಬಿಟ್ಟು ಅವರ ಬಾಯಿಂದ ಬೇರೆ ಮಾತಿಲ್ಲ. ಮೂರು ಭಾನುವಾರ ನಾನು ನಡೆಯುವ ವೇಗದಲ್ಲೇ ಓಡಿಸಿದೆ. ಪಕ್ಕದಲ್ಲಿ ಆಡುಗಳು ನಮ್ಮನ್ನು ದಾಟಿಕೊಂಡು ಹೋದವು, ಮಗಳು ಅದನ್ನು ಫೋನಿನಲ್ಲಿ ಹಿಡಿದು ಗೆಳತಿಯರಿಗೆಲ್ಲ ಕಳಿಸಿದಳು. ನಾಲ್ಕನೆಯ ಭಾನುವಾರ ಒಬ್ಬಳೇ ಹೋಗುತ್ತೇನೆ ಎಂದು ಅವರನ್ನು ಇಳಿಸಿದೆ.

ಒಬ್ಬಳೇ ಎಂದ ಕೂಡಲೇ ಕಾಲಿಗೆ ಧೈರ್ಯ ಹೆಚ್ಚಾಯಿತು. ಗುಡ್ಡದ ಬುಡದಲ್ಲಿ ಅಡ್ಡಕ್ಕೆ ತಿರುಗಿಸಿದೆ. ಇಳಿಜಾರಿನಲ್ಲಿ ಅಡ್ಡ ಹೋಗಬಾರದು, ನೆಟ್ಟಗೆ ಹತ್ತಬೇಕು, ನೆಟ್ಟಗೆ ಇಳಿಯಬೇಕು ಎಂದು ಅವರು ಹತ್ತು ಸಲ ಹೇಳಿದ್ದರು. ಹುಲ್ಲಿನೊಳಗಿದ್ದ ಹುತ್ತಕ್ಕೆ ಮೇಲಿನ ಗಾಲಿ ಏರಿತು. ಗಾಡಿ ನಿಧಾನವಾಗಿ, ಬಹಳ ಯೋಚನೆ ಮಾಡಿದ ಹಾಗೆ, ಮಗ್ಗುಲಿಗೆ ಮಲಗಿತು. ಪಟ್ಟಿ ಬಿಗಿದಿದ್ದರಿಂದ ನಾನು ಸೀಟಿನಲ್ಲೇ ಜೋತುಬಿದ್ದಿದ್ದೆ. ಕಣ್ಣ ಮುಂದೆ ಒಣಹುಲ್ಲು, ಒಂದು ಇರುವೆ ಸಾಲು. ಇಂಜಿನ್ ಬಂದ್ ಮಾಡಬೇಕು ಎಂಬುದು ನೆನಪಾಗಿ ಕೀಲಿ ತಿರುಗಿಸಿದೆ. ಆಮೇಲೆ ಕೇಳಿಸಿದ್ದು ನಮ್ಮವರು ಓಡಿಬರುವ ಸದ್ದು. ಅವರು ಓಡುವುದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಮೊಣಕೈ ತರಚಿತ್ತು, ಭುಜದ ಮೇಲೆ ಪಟ್ಟಿಯ ಗುರುತು ಮೂಡಿತ್ತು. ಮತ್ತೇನಿಲ್ಲ. ಗೆಳತಿ, ಅವಳ ಸೊಸೆ, ನಾವಿಬ್ಬರು, ನಾಲ್ಕು ಜನ ಸೇರಿ ದೂಡಿ ಗಾಡಿ ನಿಲ್ಲಿಸಿದೆವು. ಅದಕ್ಕೂ ಒಂದು ದೀಪ ಒಡೆದದ್ದು ಬಿಟ್ಟರೆ ಏನಾಗಿರಲಿಲ್ಲ. ನಮ್ಮವರ ಮುಖ ಮಾತ್ರ ಬೂದಿಯಾಗಿತ್ತು. ನಾನು ಮತ್ತೆ ಹತ್ತಿ ಕೂತು, ಅವರು ತೆಗೆದಿಟ್ಟುಕೊಂಡಿದ್ದ ಕೀಲಿ ಕೇಳಿದೆ. ಅವರು ಕೊಡಲಿಲ್ಲ. ಆ ದಿನ ಕೊಡಲೇ ಇಲ್ಲ. ಟ್ರೇನಿನಲ್ಲಿ ಕಳವಾ ಬರುವವರೆಗೂ ಅದು ಅವರ ಅಂಗಿಯ ಕಿಸೆಯಲ್ಲೇ ಇತ್ತು.

ಭಾವನಿಗೆ ಇದು ಹೇಗೆ ಗೊತ್ತಾಯಿತೋ ತಿಳಿಯದು. ಮರುದಿನವೇ ಫೋನು ಬಂತು. ಆದದ್ದು ಆಯಿತು, ಇನ್ನಾದರೂ ಮಾರಿಬಿಡು ಎಂದರು. ದನಿಯಲ್ಲಿ ಗೆದ್ದವರ ಸಮಾಧಾನವಿತ್ತು. ಕಲಿತ ಮೇಲೆ ಬೀಳುವುದು ಕಡಿಮೆಯಾಗುತ್ತದೆ ಭಾವಾರ ಎಂದೆ. ಅವರು ಫೋನು ಇಟ್ಟರು. ರೊಟ್ಟಿಯ ಹೆಂಗಸರೂ ನನ್ನ ಮೊಣಕೈ ನೋಡಿ ತಮ್ಮೊಳಗೇ ನಕ್ಕರು. ನಾನು ಹಂಚಿನ ಮೇಲೆ ರೊಟ್ಟಿ ತಿರುವುತ್ತ ವಾರವೆಲ್ಲ ಮನಸ್ಸಿನೊಳಗೇ ಏರು ಹತ್ತಿದೆ, ನೆಟ್ಟಗೆ, ಅಡ್ಡ ತಿರುಗದೆ.

ಮುಂದಿನ ಭಾನುವಾರ ನಮ್ಮವರು ತಾವಾಗಿಯೇ ಕೀಲಿಯನ್ನು ನನ್ನ ಕೈಗೆ ಕೊಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡರು. ಅಡ್ಡ ಹೋಗಲಿಲ್ಲ. ಬುಡದಲ್ಲಿ ನಿಲ್ಲಿಸಿ ಏರಿನ ಗೇರು ಹಾಕಿ ಮೂತಿ ನೆಟ್ಟಗೆ ಮೇಲಕ್ಕೆ ಮಾಡಿದೆ. ಹೊಸ ಬೆಲ್ಟು ಕಚ್ಚಿ ಹಿಡಿಯಿತು. ಕಲ್ಲು ಬಂದಾಗ ಗಾಡಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ನಡುವೆ ಬರೀ ಆಕಾಶ ಕಾಣಿಸಿತು. ನಮ್ಮವರು ಮುಂದಿನ ಹಿಡಿಕೆ ಹಿಡಿದು ಕೂತಿದ್ದರು. ಸಾವಕಾಶ ಎಂದೂ ಅನ್ನಲಿಲ್ಲ. ಗುಡ್ಡದ ನೆತ್ತಿ ಬಂದಾಗ ನಿಲ್ಲಿಸಿದೆ. ಕೆಳಗೆ ಗೆಳತಿಯ ಮನೆ ಬೆಂಕಿಪೆಟ್ಟಿಗೆಯಷ್ಟಿತ್ತು. ಗಾಳಿ ಬಹಳ. ನಾನು ಎರಡು ಕೈಯನ್ನೂ ಸ್ಟೀರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹಸಿವಾಯಿತು. ಇಬ್ಬರೂ ಅಲ್ಲೇ ಕೂತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಫಾಲ್ಗುಣದಲ್ಲಿ ಒಂದು ಭಾನುವಾರ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದಾಗ ಟಿಕೇಟು ಕಿಟಕಿಯ ಬಳಿ ನನ್ನ ನೆಗೆಣ್ಣಿ ನಿಂತಿದ್ದಳು. ಒಬ್ಬಳೇ. ಕೈಯಲ್ಲಿ ಒಂದು ಚೀಲ. ನಾವು ಎಷ್ಟು ಹೊತ್ತಿನ ಟ್ರೇನಿಗೆ ಬರುತ್ತೇವೆಂದು ನನ್ನ ಮಗಳನ್ನು ಕೇಳಿಕೊಂಡು ಡೊಂಬಿವಲಿಯಿಂದ ಬಂದಿದ್ದಳು. ಭಾವನಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿದ್ದಳಂತೆ. ನಮ್ಮವರು ಒಂದು ಮಾತೂ ಕೇಳದೆ ಅವಳ ಚೀಲ ಇಸಿದುಕೊಂಡರು.

ಅವಳನ್ನು ನಾನೇ ಹತ್ತಿಸಿದೆ. ಏರಿನುದ್ದಕ್ಕೂ ಎರಡು ಕೈಯಲ್ಲಿ ಹಿಡಿಕೆ ಹಿಡಿದು, ತುಟಿ ಕಚ್ಚಿ ಕೂತಿದ್ದಳು. ನೆತ್ತಿಯ ಮೇಲೆ ಇಳಿದು ಸೀರೆ ಕೊಡವಿ, ಸುತ್ತ ಒಮ್ಮೆ ನೋಡಿದಳು. ಆಮೇಲೆ ಚೀಲದಿಂದ ಫೋನು ತೆಗೆದಳು. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ನಾನು ಫೋಟೊ ತೆಗೆಯಲಿಕ್ಕೆ ಎಂದುಕೊಂಡೆ. ಅವಳು ಗಂಡನಿಗೆ ಹಚ್ಚಿದಳು.

“ನಾ ಡಾಕ್ಟರ್ ಕಡೆ ಇಲ್ಲ. ಗುಡ್ಡದ ಮ್ಯಾಲ ಅದೀನಿ,” ಎಂದಳು. ಆ ಕಡೆಯ ಮಾತು ಕೇಳಿಸಲಿಲ್ಲ, ದನಿ ಮಾತ್ರ ಕೇಳಿಸಿತು. ಅವಳು ಮುಗಿಯುವವರೆಗೆ ತಡೆದಳು. “ಓಡಿಸಿದಾಕಿ ಆಕೀನ. ಊಟ ಮುಚ್ಚಿಟ್ಟೀನಿ, ಬಿಸಿ ಮಾಡ್ಕೊಂಡು ಉಣ್ರಿ.”

ಫೋನನ್ನು ಚೀಲದ ತಳಕ್ಕೆ ಹಾಕಿದಳು. ನಾನು ರೊಟ್ಟಿಯ ಗಂಟು ಬಿಚ್ಚಿದೆ. ಸಮಾಧಾನ ಬೇಡವಾದವಳ ಮುಖ ಅದು.

ಭಾವ ಮೂರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಒಂದು ಮದುವೆಯಲ್ಲಿ ಎದುರಾದಾಗ ನನ್ನ ಬಿಟ್ಟು ನಮ್ಮವರನ್ನಷ್ಟೇ ಮಾತಾಡಿಸಿದರು. ಆ ಗಾಡಿ ಹುಚ್ಚು ಎಂದು ಈಗಲೂ ಅನ್ನುತ್ತಾರೆ; ಅನ್ನಲಿ. ಮಳೆಗಾಲದಲ್ಲಿ ತಾಡಪತ್ರಿ ಹೊದಿಸಿ ಗೆಳತಿಯ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದೆವು. ಇಲಿ ಸೀಟು ಕಡಿಯಿತು, ಹೊಲಿಸಿದೆ. ಬೆಲ್ಟು ಮತ್ತೆ ಸವೆಯುತ್ತ ಬಂದಿದೆ, ಹಾಕಿಸುತ್ತೇನೆ. ನೆಗೆಣ್ಣಿ ಈಗ ಗಂಡನಿಗೆ ಹೇಳಿಯೇ ಬರುತ್ತಾಳೆ.

ಕಳೆದ ಭಾನುವಾರ ಬುಡಕ್ಕೆ ಬಂದಾಗ, ನೀ ಈ ಕಡೆ ಸರಿ ಎಂದಳು. ಮಾಳದಲ್ಲಿ ಅವಳಿಗೆ ಎರಡು ತಿಂಗಳಿಂದ ಕಲಿಸುತ್ತಿದ್ದೆ, ಏರಿಗೆ ಇನ್ನೂ ಬಿಟ್ಟಿರಲಿಲ್ಲ. ಸರಿದು ಕೂತೆ. ಅಲ್ಲೊಂದು ಕಲ್ಲಿದೆ, ಇಲ್ಲೊಂದು ತಗ್ಗಿದೆ, ಕಾಲು ಮೆಲ್ಲಗೊತ್ತು ಎಂದು ನಾನು ಶುರುಮಾಡಿದೆ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಮುಂದೆ ನೋಡುತ್ತಲೇ ಹೇಳಿದಳು:

“ನೀ ಸುಮ್ನ ಕೂಡು. ನಂಗ ಕಾಣಸ್ತೈತಿ.”

ಗಾಡಿ ಗುಡ್ಡಕ್ಕೆ ಮೂತಿ ಎತ್ತಿತು.